ಬೋರಲು ಹಾಕಿದ ಬ್ರಷ್

"ಕೂದಲೇ ಇಲ್ದೋಳಿಗೆ ಈ ಬ್ರಷ್ ಯಾಕೆ?"

ಜಗದಾಂಬಾ ಕೇಳಿದ್ದು ಯಾರನ್ನೂ ಅಲ್ಲ. ಕೋಣೆಯಲ್ಲಿ ಅವಳೊಬ್ಬಳೇ ಇದ್ದಳು. ಹಿತ್ತಲಲ್ಲಿ ಅತ್ತಿಗೆ ಜಯಶೀಲಾಳಿಗೆ ಹೆಂಗಸರು ಕೊನೆಯ ಸ್ನಾನ ಮಾಡಿಸುತ್ತಿದ್ದರು. ಉಡಿಸಲು ಸೀರೆ ತರುತ್ತೇನೆಂದು ಒಳಗೆ ಬಂದವಳು, ಕಿಟಕಿಯ ಕಟ್ಟೆಯ ಮೇಲೆ ಟವೆಲ್ಲು ಹಾಸಿ ಒಣಗಲು ಇಟ್ಟಿದ್ದ ಮರದ ಹಿಡಿಯ ಬ್ರಷ್ ಕಂಡು ನಿಂತುಬಿಟ್ಟಿದ್ದಳು.

ಕ್ಯಾನ್ಸರಿನ ಮದ್ದಿನ ಉರಿಗೆ ಅತ್ತಿಗೆಯ ಕೂದಲು ಉದುರಿ ಒಂದೂವರೆ ವರ್ಷ. ಆಮೇಲೆ ಬಂದಿದ್ದೂ ಬೆರಳಿಗೆ ಸಿಗದಷ್ಟು, ಬರೀ ಬಿಳಿ. ಬ್ರಷ್ಷೋ, ಇವತ್ತೇ ತೊಳೆದಷ್ಟು ಹಸಿ. ಹಲ್ಲು ಮೇಲೆ ಮಾಡಿ ಇಟ್ಟಿದ್ದರಿಂದ ಹಲ್ಲು ನೆಟ್ಟ ರಬ್ಬರಿನೊಳಗೆ ನೀರು ನಿಂತು, ಮರ ಉಬ್ಬಿತ್ತು. ಬುಡದಲ್ಲಿ ಒಂದು ಕೂದಲು ಸುತ್ತಿಕೊಂಡಿತ್ತು. ಉಗುರು ಹಾಕಿ ಎಳೆದಳು. ಎಳೆದಷ್ಟೂ ಬಂತು, ಮೊಣಕೈಯುದ್ದ ಬಂತು. ಕಪ್ಪು ಕೂದಲು.

ಅದನ್ನು ಕರ್ಚೀಫಿನಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಸೀರೆ ಹಿಡಿದು ಹೊರಬಂದಳು.

ಪಕ್ಕದ ಮನೆಯ ಬಸವರಾಜೇಶ್ವರಿ ಬಿಲ್ವಪತ್ರೆ ಬಿಡಿಸುತ್ತ ಕೂತಿದ್ದಳು. ಮನೆಗೆ ಯಾರಾದರೂ ಹೆಂಗಸು ಬರುತ್ತಿದ್ದಳೇ ಎಂದು ಜಗದಾಂಬಾ ಮೆಲ್ಲಗೆ ಕೇಳಿದಳು. ಮೊದಲು ತಿಳಿಯದು ಎಂದ ಬಸವರಾಜೇಶ್ವರಿ ಆಮೇಲೆ ಹೇಳಿದಳು: ಭಾನುವಾರ ಮಧ್ಯಾಹ್ನ ಸ್ಕೂಟರಿನಲ್ಲಿ ಒಬ್ಬಳು ಬರುತ್ತಾಳೆ, ಮುಖಕ್ಕೆ ದುಪಟ್ಟಾ ಕಟ್ಟಿಕೊಂಡು. ನಾಲ್ಕು ಗಂಟೆಗೆ ಹೊರಡುತ್ತಾಳೆ.

"ನರ್ಸ್ ಅಂದ್ಕೊಂಡಿದ್ದೆ ಮಾರಾಯ್ತಿ. ನರ್ಸಾದ್ರೆ ಕಿಟಕಿ ಪರದೆ ಯಾಕೆ ಎಳೀಬೇಕು?"

ಸ್ನಾನವಾದ ಜಯಶೀಲಾಳನ್ನು ನಡುಮನೆಯ ಗೋಡೆಗೆ ಒರಗಿಸಿ ಕೂರಿಸಿದರು. ಹಣೆಗೆ ವಿಭೂತಿ, ಬೋಳು ತಲೆಯ ಮೇಲೆ ಸೆರಗು. ಹೆಂಗಸರು ವಚನ ಹೇಳತೊಡಗಿದರು. ಒಬ್ಬಳು ಮರೆತ ಸಾಲನ್ನು ಇನ್ನೊಬ್ಬಳು ಎತ್ತಿಕೊಳ್ಳುತ್ತಿದ್ದಳು. ಜಗದಾಂಬಾ ಬಾಯಿ ಆಡಿಸುತ್ತಿದ್ದರೂ ಕಣ್ಣು ಅಣ್ಣನ ಮೇಲಿತ್ತು. ಪರಮೇಶ್ವರಪ್ಪ ಹೆಂಡತಿಯ ಮುಖವನ್ನೊಮ್ಮೆ ನೋಡಿದರೆ ಗೇಟನ್ನೆರಡು ಸಲ ನೋಡುತ್ತಿದ್ದ.

ಅವನನ್ನು ಅಡುಗೆಮನೆಗೆ ಕರೆದು ಕರ್ಚೀಫು ಬಿಚ್ಚಿದಳು.

"ಯಾರದ್ದು ಇದು?"

ಅವನು ಅಡುಗೆಮನೆಯ ಬಾಗಿಲು ಓರೆ ಮಾಡಿದ.

"ಅತ್ತಿಗೆ ಮಂಚದ ಮೇಲೆ ಸಾಯ್ತಾ ಬಿದ್ದಿರೋವಾಗ ಯಾವಳನ್ನ ಮನೆಗೆ ಕರೀತಿದ್ದೆ ಅಣ್ಣ? ಹೇಳು. ಇಲ್ದಿದ್ರೆ ಅತ್ತಿಗೆ ಮೇಲೆ ಪತ್ರೆ ಹಾಕೋಕೆ ನಿನ್ನ ಬಿಡಲ್ಲ. ಎಲ್ಲರ ಮುಂದೆ ಇದನ್ನ ಹಿಡೀತೀನಿ."

"ಮಣ್ಣಾಗೋ ತನಕ ಸುಮ್ನಿರು ಜಗ," ಎಂದ ಪರಮೇಶ್ವರಪ್ಪ. ಅಷ್ಟು ಸಾಕಾಯಿತು ಅವಳಿಗೆ.

*

ಹಿಂದಿನ ಭಾನುವಾರ ಜಯಶೀಲಾ ದಿಂಬಿಗೊರಗಿ, ನೆಲದಲ್ಲಿ ಕೂತ ವೀಣಾಳ ತಲೆ ಬಾಚುತ್ತಿದ್ದಳು.

ವೀಣಾ ಜಗದಾಂಬಾಳ ಮಗಳು. ಗಂಡನ ಏಟು ತಾಳಲಾರದೆ ಎರಡು ವರ್ಷದ ಹಿಂದೆ ಭದ್ರಾವತಿಯ ತವರಿಗೆ ಬಂದಾಗ ತಾಯಿ ಬಾಗಿಲಲ್ಲೇ ತಡೆದಿದ್ದಳು. ಇವಳನ್ನು ಒಳಗೆ ಬಿಟ್ಟುಕೊಂಡವರ ಮನೆಯಲ್ಲಿ ತಾನು ನೀರೂ ಮುಟ್ಟುವುದಿಲ್ಲವೆಂದು ವಿನೋಬನಗರದ ಅಣ್ಣನಿಗೂ ಹೇಳಿಕಳಿಸಿದ್ದಳು. ವೀಣಾ ಮಾವನ ಊರಿನಂಚಿನ ಮಲವಗೊಪ್ಪದಲ್ಲಿ ಕೋಣೆ ಹಿಡಿದು ಕ್ಲಿನಿಕ್ಕೊಂದರಲ್ಲಿ ಕೆಲಸಕ್ಕೆ ಸೇರಿದ್ದಳು.

"ಸಾಕು ಅತ್ತೆ. ಕೈ ನೋಯುತ್ತೆ."

"ನೋಯಲಿ. ಕೂದಲು ಹೇಗಿರುತ್ತೆ ಅಂತ ಈ ಕೈ ಮರೀಬಾರ್ದು."

ಪ್ರತಿ ವಾರ ಬಾಚಿ ಮುಗಿದ ಮೇಲೆ ಜಯಶೀಲಾ ಬಾಚಣಿಗೆಯ ಬಾಲದಿಂದ ಬ್ರಷ್ಷಿನ ಒಂದೊಂದೇ ಕೂದಲು ಬಿಡಿಸುತ್ತಿದ್ದಳು. ಉಗುರುಬೆಚ್ಚಗಿನ ನೀರಿಗೆ ಎರಡು ಹನಿ ಶಾಂಪೂ. ಹಲ್ಲುಜ್ಜುವ ಹಳೇ ಬ್ರಷ್ಷಿನಿಂದ ಬುಡ ಉಜ್ಜಿ, ಮರಕ್ಕೆ ನೀರು ಸೋಕಿಸದೆ, ಟವೆಲ್ಲಿನ ಮೇಲೆ ಬೋರಲು ಹಾಕುತ್ತಿದ್ದಳು. ಉಂಡೆ ಕಟ್ಟಿದ ಕೂದಲು ದಾಸವಾಳದ ಬುಡಕ್ಕೆ ಹೋಗುತ್ತಿತ್ತು.

"ನಿಮ್ಮಮ್ಮ ಬಂದ್ರೆ ಕಾಲು ತೊಳೆಯೋ ಮೊದ್ಲು ಮನೆಯೆಲ್ಲ ಕಣ್ಣಾಡಿಸ್ತಾಳೆ," ಎಂದು ನಗುತ್ತಿದ್ದಳು.

ಆ ಭಾನುವಾರ ಬಾಚಣಿಗೆ ಕೈಯಿಂದ ಜಾರಿತು. ನಾಳೆ ತೊಳೆಯುತ್ತೇನೆ ಎಂದಳು. ವೀಣಾ ತಾನೇ ತೊಳೆಯಲು ಹೊರಟರೆ ಬಿಡಲಿಲ್ಲ.

"ನಿಮ್ಮ ಮಾವನ ಕೈಗೂ ಕೊಡಬೇಡ. ಬಕೆಟ್ಟಿಗೇ ಮುಳುಗಿಸ್ತಾರೆ."

*

ಗೇಟಿನ ಬಳಿ ಸ್ಕೂಟರು ನಿಂತಾಗ ಬಸವರಾಜೇಶ್ವರಿ ಜಗದಾಂಬಾಳ ತೋಳು ಮುಟ್ಟಿದಳು. "ಇವಳೇ."

ಜಗದಾಂಬಾ ಕರ್ಚೀಫು ಮುಷ್ಟಿಯಲ್ಲಿ ಹಿಡಿದು ಅಂಗಳಕ್ಕಿಳಿದಳು. ಬಂದವಳು ಹೆಲ್ಮೆಟ್ ತೆಗೆದಳು, ದುಪಟ್ಟಾ ಬಿಚ್ಚಿದಳು. ಬಾಚದ ಕೂದಲು ಬೆನ್ನಿನ ಮೇಲೆ ಬಿತ್ತು.

ವೀಣಾ ತಾಯಿಯನ್ನು ದಾಟಿ ಒಳಗೆ ಹೋಗಿ, ಅತ್ತೆಯ ಕಾಲ ಬಳಿ ಕೂತು ಹಣೆಯನ್ನು ಆ ಮೊಣಕಾಲಿಗೆ ಒತ್ತಿದಳು. ವಚನ ಹೇಳುವವರು ಒಂದು ಕ್ಷಣ ನಿಲ್ಲಿಸಿ ಮತ್ತೆ ಮುಂದುವರಿಸಿದರು.

ಪರಮೇಶ್ವರಪ್ಪ ತಂಗಿಯ ಹಿಂದೆ ಬಂದು ನಿಂತಿದ್ದ. "ಬ್ರಷ್ ತೊಳೆದಿದ್ದು ನಾನು. ಬೆಳಿಗ್ಗೆ ನೀನು ಬಸ್ ಹತ್ತಿದೆ ಅಂತ ಫೋನ್ ಬಂದ ಮೇಲೆ."

ಜಗದಾಂಬಾ ಮುಷ್ಟಿ ಬಿಚ್ಚಲಿಲ್ಲ. ಅಣ್ಣ ಪತ್ರೆ ಹಾಕುವಾಗ ಪಕ್ಕಕ್ಕೆ ಸರಿದು ಜಾಗ ಬಿಟ್ಟಳು.

ಗಂಡಸರು ಜಯಶೀಲಾಳನ್ನು ಹೊತ್ತು ಹೊರಟ ಮೇಲೆ ಮನೆ ಬರಿದಾಯಿತು. ವೀಣಾ ಕೋಣೆಗೆ ಹೋದಳು. ತಾಯಿ ಹಿಂದೆಯೇ ಹೋಗಿ ಬಾಗಿಲಲ್ಲಿ ನಿಂತಳು. ಒಳಗೆ ಕಾಲಿಡಲಿಲ್ಲ.

ವೀಣಾ ಬ್ರಷ್ ಎತ್ತಿಕೊಂಡು ಕಿಟಕಿಯಾಚೆ ನೀರು ಕೊಡವಿದಳು. ಉಬ್ಬಿದ ಮರವನ್ನು ದುಪಟ್ಟಾದ ತುದಿಯಿಂದ ಒರೆಸಿದಳು. ಟವೆಲ್ಲಿನ ಒಣಗಿದ ಭಾಗ ಹುಡುಕಿ ಅದರ ಮೇಲೆ ಬೋರಲು ಹಾಕಿದಳು.

"ಬರೋ ಭಾನುವಾರ ಮನೆಗೆ ಬಾ," ಎಂದಳು ಜಗದಾಂಬಾ. "ನಾನು ಬಾಚ್ತೀನಿ."

ರಬ್ಬರಿನೊಳಗೆ ನಿಂತಿದ್ದ ನೀರು ಈಗ ಇಳಿಯುತ್ತಿತ್ತು. ಬ್ರಷ್ಷಿನ ಸುತ್ತ ಟವೆಲ್ಲು ಮೆಲ್ಲಗೆ ಒದ್ದೆಯಾಗುತ್ತ ಹೋಯಿತು. ವೀಣಾ ಅದನ್ನೇ ನೋಡುತ್ತ ನಿಂತಿದ್ದಳು.

"ಬರಲ್ಲ," ಎಂದಳು.