ಒಂಬತ್ತು ಮನೆಯ ಪ್ರಾರ್ಥನೆ ಪಾಳಿ

ನಮ್ಮೂರಿನಲ್ಲಿ ಕುರಿ ಕಾಯುವುದು ಪಾಳಿಯ ಮೇಲೆ. ಇವತ್ತು ನಮ್ಮ ಮನೆಯವರು ಬೀದಿಯ ಕುರಿಗಳನ್ನೆಲ್ಲ ಗುಡ್ಡಕ್ಕೆ ಹೊಡೆದುಕೊಂಡು ಹೋದರೆ ನಾಳೆ ಪಕ್ಕದ ಮನೆಯವರು. ಯಾರ ಪಾಳಿಯಲ್ಲಿ ಕುರಿ ಕಳೆಯಿತೋ ಅವರು ತಮ್ಮ ದೊಡ್ಡಿಯಿಂದ ಒಂದನ್ನು ಎಳೆದು ತಂದು ಕೊಡಬೇಕು. ಇದರಲ್ಲಿ ವಾದವಿಲ್ಲ, ಚೌಕಾಸಿಯೂ ಇಲ್ಲ.

ಊರಿನಲ್ಲಿ ಯೇಸುವನ್ನು ನಂಬಿದ ಮನೆಗಳು ಒಂಬತ್ತು. ನಮ್ಮ ಸಭೆಯ ಹಿರಿಯ ಎಸೆನ್ ಪ್ರಾರ್ಥನೆಗೂ ಇದೇ ಪಾಳಿ ಹಾಕಿದ. ದಿನಕ್ಕೊಂದು ಮನೆ. ಮಧ್ಯಾಹ್ನ ಮೊಣಕಾಲೂರಿ ಒಂಬತ್ತೂ ಮನೆಯವರ ಹೆಸರು ಹಿಡಿದು ಕಾಪಾಡು ಎಂದು ಕೇಳಬೇಕು. ಎಲ್ಲರೂ ಒಪ್ಪಿದೆವು. ನಾನಂತೂ ಖುಷಿಯಿಂದಲೇ ಒಪ್ಪಿದೆ. ಒಂದು ದಿನ ದುಡಿದರೆ ಎಂಟು ದಿನ ರಜೆ ಎಂದರೆ ಯಾರಿಗೆ ಬೇಡ?

ಆ ಮಂಗಳವಾರ ಪಾಳಿ ನನ್ನದು. ಬೆಳಗಿನಿಂದ ಮೋಡ ಕಟ್ಟಿತ್ತು. ನೆಲ ಹೆಪ್ಪುಗಟ್ಟುವ ಮೊದಲು ಆಲೂಗಡ್ಡೆ ಕಿತ್ತು ಮುಗಿಸಬೇಕಿತ್ತು. ಮಧ್ಯಾಹ್ನ ಬಂದದ್ದೂ ಗೊತ್ತಾಗಲಿಲ್ಲ, ಹೋದದ್ದೂ ಗೊತ್ತಾಗಲಿಲ್ಲ. ಸಂಜೆ ಎಸೆನ್ ಫೋನ್ ಮಾಡಿ ಪ್ರಾರ್ಥನೆ ಆಯಿತಾ ಎಂದ. ಮಣ್ಣುಗೈಯಲ್ಲೇ ಫೋನ್ ಹಿಡಿದು ಆಯಿತು ಎಂದೆ. ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ಆಗ ನನಗೇ ಅದು ಸುಳ್ಳು ಎನ್ನಿಸಲಿಲ್ಲ.

ಅದೇ ಸಂಜೆ ಮೇಲಿನ ಹುಲ್ಲುಗಾವಲಿನಲ್ಲಿ ಹಿಮ ಬಿತ್ತು. ಬೇಸಿಗೆ ಮುಗಿಸಿ ಮಂದೆ ಹೊಡೆದುಕೊಂಡು ಇಳಿಯುತ್ತಿದ್ದವರೆಲ್ಲ ಹೇಗೋ ಊರು ಸೇರಿದರು, ಕುಬಾತ್ ಒಬ್ಬನನ್ನು ಬಿಟ್ಟು. ಅವನು ಅನಾರ್ಕುಲ್ ಅವರ ಒಬ್ಬನೇ ಮಗ. ನಮ್ಮ ಒಂಬತ್ತು ಮನೆಗಳಲ್ಲಿ ಅವರದೂ ಒಂದು. ಗಂಡನನ್ನು ಕಳೆದುಕೊಂಡ ಆ ಮುದುಕಿಯನ್ನು ಊರೆಲ್ಲ ಅಪಾ, ಅಂದರೆ ಅಮ್ಮ, ಎಂದೇ ಕರೆಯುತ್ತದೆ.

ಬುಧವಾರವೆಲ್ಲ ಸುದ್ದಿಯಿಲ್ಲ. ಗುರುವಾರ ಬೆಳಿಗ್ಗೆ ನಾಲ್ವರು ಕುದುರೆ ಹತ್ತಿ ಹುಡುಕಲು ಹೋದರು. ನನಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ನನ್ನ ಗಂಡ ಮೆಲಿಸ್ ನಮ್ಮ ಸಭೆಗೆ ಸೇರಿದವನಲ್ಲ, ತಮಾಷೆಗೆ ಮಾತ್ರ ಯಾವಾಗಲೂ ಮುಂದು. ಬೂಟು ಹಾಕಿಕೊಳ್ಳುತ್ತಾ ಕೇಳಿದ:

"ಮಂಗಳವಾರ ನಿಮ್ಮಲ್ಲಿ ಯಾರ ಪಾಳಿ ಇತ್ತೇ, ಝಿಬೆಕ್? ಕಾವಲಲ್ಲಿ ನಿದ್ದೆ ಹೊಡೆದುಬಿಟ್ರಾ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಅವನಿಗೇನೂ ಗೊತ್ತಿರಲಿಲ್ಲ. ಅವನು ಅತ್ತ ಹೋದದ್ದೇ ನಾನು ದೊಡ್ಡಿಗೆ ಹೋಗಿ, ಇದ್ದುದರಲ್ಲಿ ಕೊಬ್ಬಿದ ಕುರಿಯ ಕೊರಳಿಗೆ ಹಗ್ಗ ಹಾಕಿದೆ. ಬುದ್ಧಿ ಇದ್ದವರು ಮಾಡುವ ಕೆಲಸವಲ್ಲ ಅದು. ಆದರೆ ಪಾಳಿಯಲ್ಲಿ ತಪ್ಪಿದವರು ಮಾಡಬೇಕಾದ್ದು ಬೇರೇನೂ ನನಗೆ ತಿಳಿದಿರಲಿಲ್ಲ.

ಅಪಾ ಮನೆಯ ಗೇಟಿನ ಬಳಿ ಏಳೆಂಟು ಹೆಂಗಸರು ನಿಂತಿದ್ದರು. ಕುರಿ ಹಿಡಿದು ಬರುತ್ತಿದ್ದ ನನ್ನನ್ನು ಕಂಡದ್ದೇ ಮಾತು ನಿಲ್ಲಿಸಿದರು. ಅವರಲ್ಲಿ ಹಿರಿಯಳಾದ ಬರ್ಮೆಟ್ ಸಾವಿನ ಮನೆಯಲ್ಲಿ ಅಳುವ ಹಾಗೆ ಎರಡೂ ಕೈ ಸೊಂಟಕ್ಕಿಟ್ಟು ರಾಗ ತೆಗೆದು ಅಳಲು ಶುರುಮಾಡಿದಳು. ನನಗೆ ಹೊಳೆದದ್ದು ಆಗ. ಗಂಡಸು ಮನೆಗೆ ಬಾರದಿರುವಾಗ ಆ ಮನೆಗೆ ಯಾರಾದರೂ ಕುರಿ ತಂದರೆ ಅದು ಸಾವಿನ ಊಟಕ್ಕೆ.

ಅಳು ಕೇಳಿ ಅಪಾ ಹೊರಗೆ ಬಂದರು. ಕೈಗೆಲ್ಲ ಹಿಟ್ಟು. ಕುರಿಯನ್ನು ನೋಡಿದರು, ಬಾಗಿಲ ಚೌಕಟ್ಟು ಹಿಡಿದುಕೊಂಡರು.

"ಎಲ್ಲಿ ಸಿಕ್ತು ಅವನ ಹೆಣ?"

ಇಲ್ಲ, ಸುದ್ದಿ ಏನೂ ಬಂದಿಲ್ಲ ಎಂದು ಕಿರುಚಿದೆ. ಮಂಗಳವಾರದ ಪಾಳಿ ನನ್ನದು, ನಾನು ಪ್ರಾರ್ಥನೆ ಮಾಡಲಿಲ್ಲ, ಎಸೆನ್‌ಗೆ ಸುಳ್ಳು ಹೇಳಿದೆ, ನಿಮ್ಮ ಮಗ ಕಳೆದದ್ದು ನನ್ನ ಪಾಳಿಯಲ್ಲಿ, ಅದಕ್ಕೇ ಈ ಕುರಿ ಎಂದು ಎಲ್ಲರೆದುರಿಗೇ ಒದರಿಬಿಟ್ಟೆ. ಬರ್ಮೆಟ್‌ಳ ರಾಗ ಅರ್ಧದಲ್ಲಿ ನಿಂತಿತು. ನೆಲ ಬಾಯಿಬಿಟ್ಟರೆ ಇಳಿದುಬಿಡುತ್ತಿದ್ದೆ, ಅಷ್ಟು ನಾಚಿಕೆ.

ಅಪಾ ನನ್ನ ತೋಳು ಹಿಡಿದು ಒಳಗೆ ಅಡುಗೆಮನೆಗೆ ಕರೆದೊಯ್ದರು. ಹಿಡಿತ ಬಲವಾಗಿತ್ತು, ಹೊಡೆಯುತ್ತಾರೆ ಎಂದುಕೊಂಡೆ.

"ನಿನ್ನ ಪಾಳಿ ಅಂತ ಅವತ್ತು ನಾನು ಬಾಯಿ ಮುಚ್ಕೊಂಡಿದ್ದೆ ಅನ್ಕೊಂಡ್ಯಾ?" ಎಂದರು. "ಉಳಿದ ಎಂಟು ದಿನ ದೇವರ ಹತ್ರ ಏನು ಮಾತಾಡ್ತೀಯ ನೀನು?"

ಏನೂ ಇಲ್ಲ ಅಪಾ ಎಂದೆ.

"ಏನೂ ಇಲ್ವಾ?" ಅವರಿಗೆ ಸಿಟ್ಟಿಗಿಂತ ಆಶ್ಚರ್ಯವೇ ಹೆಚ್ಚಾದಂತಿತ್ತು. "ಮತ್ತೆ ಈ ಎರಡು ದಿನ ಹೆಂಗೆ ಕಳೆದ್ಯೇ ಹುಡುಗಿ, ಒಬ್ಬಳೇ? ನನ್ನ ಮಗ ಬದುಕಿದ್ದಾನೋ ಇಲ್ವೋ, ನಂಗೊತ್ತಿಲ್ಲ. ಹನ್ನೊಂದು ವರ್ಷದಿಂದ ದಿನಾ ಬೆಳಿಗ್ಗೆ ದೇವರ ಮುಂದೆ ಕೂರ್ತೀನಿ. ಕೂತು ಅಭ್ಯಾಸ ಇರೋದ್ರಿಂದ ಇವತ್ತೂ ಕೂತೆ. ಇಲ್ದಿದ್ರೆ ಹೊಳೆಗೆ ಬೀಳ್ತಿದ್ದೆ."

ಒಲೆಯ ಪಕ್ಕದ ಕಂಬಳಿಯ ಮೇಲೆ ಕೂರಿಸಿ, ಈಗ ದೇವರಿಗೆ ಹೇಳು ಎಂದರು. ನಾನು ಶುರುಮಾಡಿದೆ. ಬಾಯಿಗೆ ಬಂದದ್ದು ಅದೇ ಒಂಬತ್ತು ಮನೆಯ ಹೆಸರುಗಳ ಪಟ್ಟಿ. ನಾಲ್ಕನೆಯ ಮನೆಗೆ ಬರುವಷ್ಟರಲ್ಲಿ ನನಗೇ ಕೇಳಲಾಗಲಿಲ್ಲ, ನಿಲ್ಲಿಸಿದೆ. ಅಪಾ ಮುಂದುವರಿಸಿದರು. ಪಕ್ಕದ ಮನೆಯವರಿಗೆ ವರದಿ ಒಪ್ಪಿಸುವ ಹಾಗಿತ್ತು ಅದು.

"ತಂದೆ, ಬಂದಿದ್ದೀನಿ. ಹಸು ಹಾಲು ಕೊಡ್ತು. ಹಿಟ್ಟು ನಾದಿಟ್ಟಿದ್ದೀನಿ. ಹುಡುಗ ಇನ್ನೂ ಮನೆಗೆ ಬಂದಿಲ್ಲ. ಭುಜ ತುಂಬಾ ನೋಯ್ತಿದೆ, ಅವನು..."

ಹೊರಗೆ ಕುದುರೆಗಳ ಸದ್ದಾಯಿತು. ಅಪಾ ಮಾತು ಮುಗಿಸಲಿಲ್ಲ, ಆಮೆನ್ ಎನ್ನಲೂ ಇಲ್ಲ. ಬರಿಗಾಲಲ್ಲೇ ಓಡಿದರು. ಅಂಗಳದಲ್ಲಿ ಒಮ್ಮೆಗೇ ಹೆಂಗಸರ ಅಳು ಎದ್ದಿತು. ನಡುವೆ ಅಪಾ ದನಿಯೂ ಇತ್ತು. ಅದು ಯಾವ ಅಳು ಎಂದು ಎಷ್ಟು ಕಿವಿಗೊಟ್ಟರೂ ತಿಳಿಯಲಿಲ್ಲ.

ಕಂಬಳಿಯ ಮೇಲೆಯೇ ಕೂತು ಹೇಳಿದೆ: "ತಂದೆ, ನಂಗೆ ಹೆದರಿಕೆ ಆಗ್ತಿದೆ. ಸುಳ್ಳು ಹೇಳಿದೆ. ಹೊರಗೆ ಹೋಗೋಕೆ ಧೈರ್ಯ ಇಲ್ಲ. ನೀನು ಇಲ್ಲೇ ಇರು."

ಯಾರ ಹೆಸರೂ ಹೇಳಲಿಲ್ಲ, ಯಾರಿಗಾಗಿಯೂ ಕೇಳಲಿಲ್ಲ. ಸಭೆಗೆ ಸೇರಿ ಐದು ವರ್ಷವಾಗಿತ್ತು. ನಾನು ದೇವರೊಡನೆ ಮಾತನಾಡಿದ್ದು ಅದೇ ಮೊದಲು.

ಆಮೇಲೆ ಅಂಗಳದಿಂದ ಕುಬಾತ್‌ನ ಒಡಕು ದನಿ ಕೇಳಿಸಿತು. ಕಾಲು ಮರಗಟ್ಟಿದೆ, ಯಾರಾದರೂ ಕೆಳಗಿಳಿಸಿ ಎನ್ನುತ್ತಿದ್ದ. ಎಲ್ಲರೂ ಅವನ ಕಡೆ ಓಡಿದರು. ನಾನು ಕೂಡಲೇ ಏಳಲಿಲ್ಲ. ತಂದೆಗೆ ಹೇಳುವುದು ಇನ್ನೂ ಇತ್ತು.