ಕಾಡುಗುಂಬಳದ ಬೀಜ

ಕ್ರೆಸೆನ್ಸಿಯೊ ಸಾಯುವ ಮುನ್ನ ಕೇಳಿದ್ದು ಬೆಲ್ಲದಲ್ಲಿ ಬೇಯಿಸಿದ ಸಿಹಿಗುಂಬಳದ ಒಂದು ಹೋಳು, ಅಷ್ಟೇ. ಆ ವರ್ಷ ಅವನ ಹೆಂಡತಿ ತಿಯೊಫಿಲಾಳ ಹಿತ್ತಲಿನ ಬಳ್ಳಿ ಹಂದಿಗಳ ಪಾಲಾಗಿತ್ತು. ಅವಳು ಪಕ್ಕದ ಮನೆಯ ಬ್ರಿಹಿದಾಳನ್ನು ಬೇಡಲು ಹೋದಳು. ಅಲ್ಲಿ ಮಾಡಿನ ಮೇಲೆ ಹನ್ನೆರಡು ಕಾಯಿ ಸಾಲಾಗಿ ಕುಳಿತಿದ್ದವು.

"ಅದೆಲ್ಲ ಬೀಜಕ್ಕೆ ಇಟ್ಟಿದ್ದು ಕಣೆ. ಸಾಯೋನಿಗೆ ರುಚಿ ಎಲ್ಲಿ ಗೊತ್ತಾಗುತ್ತೆ? ಗಂಜಿ ಕುಡಿಸು ಹೋಗು," ಎಂದಳು ಬ್ರಿಹಿದಾ.

ಮೂರನೆಯ ದಿನ ಅವನು ತೀರಿಕೊಂಡ. ತಿಯೊಫಿಲಾ ಒಂಬತ್ತು ದಿನ ಜಪಮಾಲೆ ಹಿಡಿದು ಪ್ರಾರ್ಥಿಸಿದಳು. ಹತ್ತನೆಯ ದಿನ ಹಳ್ಳದ ದಂಡೆಗೆ ಹೋಗಿ ಕಾಡುಗುಂಬಳದ ಬೀಜ ಆರಿಸಿ ತಂದು, ಮಳೆ ಬಿದ್ದೊಡನೆ ಬೇಲಿಯ ಬುಡದಲ್ಲಿ ಊರಿದಳು.

ಕಾಡುಗುಂಬಳ ನಾಲಿಗೆ ಸುಡುವಷ್ಟು ಕಹಿ. ಅದರ ಹೂವಿನಿಂದೆದ್ದ ದುಂಬಿ ಹಿತ್ತಲಿನ ಹೂವಿಗೆ ಹಾರಿದರೆ ಆ ವರ್ಷದ ಕಾಯಿಗೆ ಏನೂ ಆಗುವುದಿಲ್ಲ. ಆ ಕಾಯಿಯ ಬೀಜದಿಂದ ಮರುವರ್ಷ ಬೆಳೆದದ್ದು ಕಹಿ. ಊರಿನ ಹೆಂಗಸರಿಗೆಲ್ಲ ಇದು ಗೊತ್ತು. ಬ್ರಿಹಿದಾ ಪೇಟೆಯಿಂದ ಮದುವೆಯಾಗಿ ಬಂದವಳು.

"ಏನೇ, ಈ ಸಲ ಕಳೇನೇ ಬೆಳೇನಾ?" ಎಂದು ಬೇಲಿಯಾಚೆಯಿಂದ ನಕ್ಕಳು.

"ಹೂವು ಚೆಂದ ಅಂತ ಬಿಟ್ಟಿದೀನಿ ಅಕ್ಕ."

ಆ ವರ್ಷ ತಿಯೊಫಿಲಾ ಕುಂಬಳ ಹಾಕಲಿಲ್ಲ. ಕಹಿ ಸೋಕದ ತನ್ನ ಹಳೆಯ ಬೀಜವನ್ನು ಮರುವರ್ಷದ ಬಿತ್ತನೆಗೆಂದು ಬೂದಿಯಲ್ಲಿ ಕಾಪಿಟ್ಟಳು. ಮರುವರ್ಷ ಬ್ರಿಹಿದಾ ಬಿತ್ತಿದ ವಾರದಲ್ಲೇ ಅವಳ ಆರು ವರ್ಷದ ಮಗಳು ನೀವೆಸ್ ಜ್ವರದಲ್ಲಿ ಹೋದಳು. ತಿಯೊಫಿಲಾ ಮಣ್ಣಿಗೆ ಹೋಗಿಬಂದಳು. ಬೀಜದ ಮಾತು ಮಾತ್ರ ಆಡಲಿಲ್ಲ.

ಸತ್ತವರ ಹಬ್ಬದ ಮೊದಲ ದಿನ ತೀರಿಕೊಂಡ ಮಕ್ಕಳು, ಎರಡನೆಯ ದಿನ ದೊಡ್ಡವರು ಮನೆಗೆ ಬರುತ್ತಾರೆ; ಹೊಸ ಕುಂಬಳ ಮೊದಲು ಅವರಿಗೆ. ಅವರು ಬಂದು ಉಣ್ಣುವ ತನಕ ಬೇಯಿಸಿದವಳೂ ರುಚಿ ನೋಡುವಂತಿಲ್ಲ. ಬ್ರಿಹಿದಾಳ ಹಿರಿಯರು ಅಷ್ಟು ದೂರ ನಡೆದು ಬಂದು, ಕಹಿ ಉಗುಳಿ, ಶಪಿಸಿ ಹೋಗಲಿ ಎಂದು ತಿಯೊಫಿಲಾ ದೇವಮಾತೆಯ ಮುಂದೆ ಮೊಣಕಾಲೂರಿ ಬೇಡಿದ್ದಳು.

ಹಬ್ಬದ ಎರಡನೆಯ ದಿನ, ಚೆಂಡುಹೂವಿನ ನಡುವೆ ಕ್ರೆಸೆನ್ಸಿಯೊನ ಪಟಕ್ಕೆ ಧೂಪ ಹಾಕುತ್ತಿದ್ದಾಗ, ಬ್ರಿಹಿದಾ ಬೇಯಿಸಿದ ಕುಂಬಳದ ಬಟ್ಟಲು ಹಿಡಿದು ನೇರ ಒಳಗೆ ಬಂದಳು. ಅವನ ಹೆಸರು ಹೇಳಿ ಪಟದ ಮುಂದಿಟ್ಟಳು.

"ಅವತ್ತು ನಿನ್ನ ಬರಿಗೈಲಿ ಕಳಿಸ್ದೆ. ಮಗಳು ಹೋದ ಮೇಲೆ ಗೊತ್ತಾಯ್ತು ಕಣೆ. ಅವನ ಹತ್ರ ಕ್ಷಮೆ ಕೇಳೋಣ ಅಂತ ಬಂದೆ."

"ಅಕ್ಕ, ಅದನ್ನ ಎತ್ಕೋ! ಕಹಿ ಇದೆ."

"ಯಾರೂ ನಾಲಿಗೆಗೆ ಇಟ್ಟಿಲ್ಲ. ನಿಂಗೆ ಹ್ಯಾಗೆ ಗೊತ್ತು?"

ಬ್ರಿಹಿದಾ ಒಂದು ಚೂರು ಮುರಿದು ಬಾಯಿಗಿಟ್ಟಳು. ಮುಖ ಕಿವುಚಿತು. ಉಗುಳದೆ ನುಂಗಿದಳು. ಬೇಲಿಯ ಕಡೆಗೊಮ್ಮೆ ನೋಡಿದಳು.

"ಹೂವು ಚೆಂದ ಅಂದಿದ್ದೆ ನೀನು," ಎಂದಳು ಮೆಲ್ಲಗೆ. "ನಿನ್ನೆ ಮಕ್ಕಳು ಬರೋ ದಿನ. ನನ್ನ ನೀವೆಸ್‌ಗೂ ಇದೇ ಮಡಕೆಯಿಂದ ಇಟ್ಟೆ."

ತಿಯೊಫಿಲಾ ಇನ್ನೊಂದು ಬಟ್ಟಲಿಗೆ ತನ್ನ ಸಿಹಿಗುಂಬಳ ತುಂಬಿ ಚಾಚಿದಳು. "ಇದನ್ನ ಇಡು ಮಗೂಗೆ."

"ಅವಳು ತಿಂದು ಹೋಗಾಯ್ತು."

"ಹಾಗಾದ್ರೆ ನಿನ್ನ ಬಟ್ಟಲನ್ನಾದ್ರೂ ತೆಗಿ, ನಿನ್ನ ಕಾಲಿಗೆ ಬೀಳ್ತೀನಿ."

ಬ್ರಿಹಿದಾ ಬಟ್ಟಲನ್ನು ಪಟಕ್ಕೆ ಇನ್ನೂ ಹತ್ತಿರ ಸರಿಸಿದಳು.

"ಹೆಸರು ಹೇಳಿ ಇಟ್ಟಾಯ್ತು. ಇನ್ನು ಎತ್ತೋ ಹಾಗಿಲ್ಲ. ಅವನೂ ತಿನ್ನಲಿ."