ಏಣಿಗಿಟ್ಟ ಹೆಸರು

ನಮ್ಮ ಮನೆಯಲ್ಲಿ ಏಣಿಗೆ ಏಣಿ ಎನ್ನುವ ರೂಢಿ ಇಲ್ಲ. ಮಾವ ಎನ್ನುತ್ತೇವೆ.

ಈ ಹೆಸರಿಟ್ಟವಳು ನನ್ನ ಹೆಂಡತಿ. ಅವಳ ಅಣ್ಣ, ಅಂದರೆ ನನ್ನ ಭಾವ, ಆರಡಿ ಮೂರಂಗುಲದ ಆಳು, ಮೈಮೇಲೆ ಮಾಂಸವೆಂಬುದಿಲ್ಲ. ನನಗೆ ಭಾವನಾಗುವ ಮೊದಲೇ ಗೆಳೆಯನಾಗಿದ್ದವನು. ಊರೆಲ್ಲ ನಡೆದು ಟಪಾಲು ಹಂಚುವ ಕೆಲಸದವನಾದ್ದರಿಂದಲೋ ಏನೋ, ಕುರ್ಚಿ ಕೊಟ್ಟರೂ ಕೂರುತ್ತಿರಲಿಲ್ಲ. ಬಾಗಿಲ ಪಕ್ಕದ ಗೋಡೆಗೆ ಒರಗಿ ನಿಂತೇ ಮಾತಾಡುತ್ತಿದ್ದ. ಒಂದು ಸಂಜೆ ಅವನು ಹೊರಟುಹೋದ ಮೇಲೆ, ನಾನು ಕೆಲಸದಿಂದ ತಂದ ಏಣಿಯನ್ನು ಅದೇ ಜಾಗದಲ್ಲಿ ಒರಗಿಸಿದೆ. ಅಡಿಗೆಮನೆಯಿಂದ ಬಂದ ಹೆಂಡತಿ ಅದನ್ನು ನೋಡಿ, ನಾಲ್ಕು ವರ್ಷದ ಮಗಳನ್ನು, "ಏನೇ, ನಿಮ್ಮ ಮಾವ ಇನ್ನೂ ಹೋಗೇ ಇಲ್ವಾ?" ಎಂದು ಕೇಳಿದಳು. ಮಗಳು ನಕ್ಕು ನಕ್ಕು ನೆಲದ ಮೇಲೆ ಉರುಳಾಡಿದಳು. ಹೆಸರು ಅಂದಿನಿಂದ ನಿಂತುಹೋಯಿತು.

ನಾನು ಅಂಗಡಿಗಳ ಬೋರ್ಡು ಬರೆಯುವವನು. ಏಣಿಯಿಲ್ಲದೆ ನನಗೆ ಒಂದು ದಿನವೂ ಸಾಗುತ್ತಿರಲಿಲ್ಲ. ಹೀಗಾಗಿ, "ಮಾವನ್ನ ಒಳಗೆ ಹಾಕು, ಮಳೇಲಿ ನೆನೀತಾನೆ," "ಮಾವನ ಮೂರನೇ ಮೆಟ್ಟಿಲು ಅಲ್ಲಾಡ್ತಿದೆ" ಎಂಬ ಮಾತುಗಳು ಮನೆಯಲ್ಲಿ ದಿನವೂ ನಡೆಯುತ್ತಿದ್ದವು. ಹೆಂಡತಿ ನನ್ನಿಂದಲೂ ಮಗಳಿಂದಲೂ ಆಣೆ ಮಾಡಿಸಿಕೊಂಡಿದ್ದಳು. "ಅಣ್ಣನ ಕಿವಿಗೆ ಬಿದ್ದೀತು ಜೋಕೆ. ಅವನಿಗೆ ಮೂಗಿನ ತುದೀಲೇ ಕೋಪ." ಇಪ್ಪತ್ತೆಂಟು ವರ್ಷ ಆಣೆ ಉಳಿಸಿಕೊಂಡೆವು.

ಹದಿನಾಲ್ಕು ತಿಂಗಳ ಹಿಂದೆ, ಕೆಮ್ಮೆಂದು ಆಸ್ಪತ್ರೆಗೆ ಹೋದ ಹೆಂಡತಿ ಹನ್ನೊಂದನೆಯ ದಿನ ದೇವರ ಪಾದ ಸೇರಿದಳು. ಎತ್ತರದ ಬೋರ್ಡು ಬರೆಯುವಾಗ ಏಣಿಯ ಬುಡ ಹಿಡಿದು ನಿಲ್ಲುತ್ತಿದ್ದವಳು ಅವಳು. ಆಮೇಲೆ ನಾನು ಏಣಿ ಹತ್ತಲಿಲ್ಲ. ಬಾಗಿಲ ಪಕ್ಕ ಅದು ಹಾಗೇ ಒರಗಿಕೊಂಡಿತ್ತು.

ಮಗಳಿಗೆ ರೈಲು ನಿಲ್ದಾಣದಲ್ಲಿ ಕೆಲಸ. ಯಾವ ಗಾಡಿ ಯಾವ ಪ್ಲಾಟ್‌ಫಾರಂಗೆ ಬರುತ್ತದೆ ಎಂದು ಧ್ವನಿವರ್ಧಕದಲ್ಲಿ ಹೇಳುವವಳು ಅವಳೇ. ಮನೆಯಲ್ಲಿ ಊಟಕ್ಕೆ ಕರೆಯುವುದೂ "ಪ್ರಯಾಣಿಕರ ಗಮನಕ್ಕೆ" ಎಂದೇ. ಈ ವರ್ಷದ ಆರಂಭದಲ್ಲಿ ಒಂದು ಬೆಳಿಗ್ಗೆ, "ಗಾಡಿಯು ಮೂರನೇ..." ಎಂದವಳು ಅಲ್ಲಿಗೇ ನಿಂತಳು. ಪ್ಲಾಟ್‌ಫಾರಂ ಎಂಬ ಪದವೇ ಸಿಗಲಿಲ್ಲವಂತೆ. ಮೂಟೆ ಎತ್ತಿ ಹೆಗಲಿಗಿಟ್ಟುಕೊಂಡ ಜನ ಅರ್ಧ ನಿಮಿಷ ಮೇಲೆ ನೋಡುತ್ತ ನಿಂತಿದ್ದರಂತೆ. ಅವಳು ಅದನ್ನು ನಗುತ್ತಲೇ ಹೇಳಿದಳು. ವಾರದೊಳಗೆ ಮತ್ತೆರಡು ಸಲ ಹಾಗಾದಾಗ ನಗಲಿಲ್ಲ.

ತಲೆಯ ಚಿತ್ರ ತೆಗೆಸಿದಾಗ ಎಡಗಡೆ, ಕಿವಿಗಿಂತ ಸ್ವಲ್ಪ ಮುಂದೆ, ನಿಂಬೆಹಣ್ಣಿನಷ್ಟು ಗೆಡ್ಡೆ ಕಾಣಿಸಿತು. ಮಿದುಳಿನ ಶಸ್ತ್ರಚಿಕಿತ್ಸೆ ಮಾಡುವ ಡಾಕ್ಟರಮ್ಮ ಕುಳ್ಳಗಿನ ಹೆಂಗಸು. ಅವರ ಕೈಗಳು ಮೇಜಿನ ಮೇಲೆ ಅಲ್ಲಾಡದೆ ಇದ್ದುದನ್ನು ನಾನು ಗಮನಿಸಿದೆ. ಕುಂಚ ಹಿಡಿಯುವವನಿಗೆ ಅದು ಮೊದಲು ಕಣ್ಣಿಗೆ ಬೀಳುತ್ತದೆ.

"ಗೆಡ್ಡೆ ಎಲ್ಲಿ ಮುಗಿಯುತ್ತೆ, ಮಾತು ಎಲ್ಲಿ ಶುರುವಾಗುತ್ತೆ ಅಂತ ಒಳಗೆ ಯಾರೂ ಗೆರೆ ಹಾಕಿಟ್ಟಿರಲ್ಲ," ಎಂದರು. "ನಿಮ್ಮ ಮಗಳನ್ನೇ ಕೇಳಿಕೊಂಡು ಕೆಲಸ ಮಾಡಬೇಕು. ಬುರುಡೆ ತೆರೆದ ಮೇಲೆ ಎಚ್ಚರ ಮಾಡ್ತೀವಿ. ಮಿದುಳಿಗೆ ನೋವು ಗೊತ್ತಾಗಲ್ಲ. ನಾನು ಒಂದೊಂದೇ ಜಾಗ ಮುಟ್ಟಿ ನೋಡ್ತೀನಿ, ಅವರು ಚಿತ್ರ ನೋಡಿ ಹೆಸರು ಹೇಳ್ತಿರಬೇಕು. ಹೆಸರು ತಪ್ಪಿದ್ರೆ ಆ ಜಾಗ ನಾನು ಮುಟ್ಟಲ್ಲ. ಹೇಳ್ತಾ ಹೋದಷ್ಟು ದೂರ ತೆಗೀತಾ ಹೋಗ್ತೀನಿ."

"ನಾನು ಬಾಯಿ ಮುಚ್ಚಿದ್ರೆ ನೀವು ಕೈ ಮುಚ್ತೀರಿ," ಎಂದಳು ಮಗಳು.

"ಸರಿಯಾಗಿ ಹೇಳಿದೆ."

"ಹಾಗಾದ್ರೆ ಭಯ ಇಲ್ಲ. ನಾನು ಬಾಯಿ ಮುಚ್ಚಿದ್ದನ್ನ ನಮ್ಮಪ್ಪ ಇಷ್ಟು ವರ್ಷದಲ್ಲಿ ಕಂಡಿಲ್ಲ."

ಶಸ್ತ್ರಚಿಕಿತ್ಸೆಯ ಹಿಂದಿನ ದಿನ ಮಾತಿನ ಪರೀಕ್ಷೆ ಮಾಡುವ ತರುಣಿ ಬಂದು ಎಂಬತ್ತು ಚಿತ್ರಗಳನ್ನು ತೋರಿಸಿದಳು. ಕತ್ತರಿ, ಬೀಗ, ಕೊಡೆ, ಆಮೆ. ಹೊರಗಿನವರ ಎದುರು ನನ್ನ ಮಗಳ ಮಾತು ಧ್ವನಿವರ್ಧಕದ ಮಾತೇ. ಏಣಿಯ ಚಿತ್ರಕ್ಕೆ "ಏಣಿ" ಎಂದೇ ಸ್ಪಷ್ಟವಾಗಿ ಹೇಳಿ, ನನ್ನ ಕಡೆ ತಿರುಗಿ ಕಣ್ಣು ಮಿಟುಕಿಸಿದಳು. ಭಾವ ಅಲ್ಲೇ ಗೋಡೆಗೆ ಒರಗಿ ನಿಂತಿದ್ದ.

ಮರುದಿನ ಬೆಳಿಗ್ಗೆ ಅವಳನ್ನು ಒಳಗೆ ಕರೆದುಕೊಂಡು ಹೋದರು. ನಾನು ಕಾಯುವ ಕೋಣೆಯ ಬೆಂಚಿನ ಮೇಲೆ ಕಣ್ಣು ಮುಚ್ಚಿ ಕುಳಿತೆ. ದೇವರನ್ನು ಒಂದೇ ಒಂದು ಕೇಳಿದೆ. ಒಬ್ಬಳನ್ನು ಕರೆದುಕೊಂಡೆ, ನಾನು ಎದುರಾಡಲಿಲ್ಲ. ಇವಳ ಮಾತನ್ನು ಇವಳ ಬಾಯಲ್ಲೇ ಬಿಡು. ಇವಳು ಬದುಕಿದ್ದೂ ಮಾತಿಲ್ಲದ ಮನೆಯನ್ನು ನಾನು ಹೇಗೆ ತುಂಬಲಿ?

"ಕೂತ್ಕೊಳೋ," ಎಂದೆ ಭಾವನಿಗೆ.

"ನೀನು ಕೂತಿದ್ದೀಯಲ್ಲ, ಸಾಕು. ಇಬ್ಬರೂ ಕೂತ್ರೆ ಕಾಯೋರು ಯಾರು?"

ಹನ್ನೊಂದು ಗಂಟೆಯ ಸುಮಾರಿಗೆ ಬಾಗಿಲು ತೆರೆದುಕೊಂಡಿತು. ಮಾತಿನ ಪರೀಕ್ಷೆಯ ಹುಡುಗಿ, ಹಸಿರು ಅಂಗಿಯಲ್ಲೇ, ಮುಖದ ಬಟ್ಟೆಯನ್ನು ಗಲ್ಲಕ್ಕೆ ಇಳಿಸಿಕೊಂಡು ಬೇಗ ಬೇಗ ಬಂದಳು. ಕೈಯಲ್ಲಿ ಒಂದೇ ಚಿತ್ರ. ನಾನು ಬೆಂಚಿನಿಂದ ಎದ್ದೆ.

"ಹೆದರಬೇಡಿ, ಅವರು ಚೆನ್ನಾಗಿದ್ದಾರೆ," ಎಂದಳು. "ಒಂದು ವಿಷಯ ಕೇಳಬೇಕು. ಎಲ್ಲಾ ಚಿತ್ರ ಸರಿಯಾಗಿ ಹೇಳ್ತಿದ್ದಾರೆ. ಇದೊಂದಕ್ಕೆ ಮಾತ್ರ ಮಾವ ಅಂತಾರೆ. ಮೂರು ಸಲ ತೋರಿಸಿದೆ, ಮೂರು ಸಲವೂ ಮಾವ. ಡಾಕ್ಟರ್ ಮುಟ್ಟದೇ ಇದ್ದಾಗ್ಲೂ ಮಾವ. ಯಾವ ಮಾವ ಅಂತ ಕೇಳಿದ್ರೆ, ಗೋಡೆಗೆ ಒರಗಿ ನಿಂತಿರ್ತಾನಲ್ಲ, ಅವನೇ ಅಂತಾರೆ. ನಿನ್ನೆ ಸರಿ ಹೇಳಿದ್ರಲ್ಲ? ಮಾತು ಕೆಡೋಕೆ ಶುರುವಾಗಿದೆ ಅಂದ್ರೆ ಇಲ್ಲಿಗೇ ನಿಲ್ಲಿಸಬೇಕು. ಹೆಬ್ಬೆರಳಿನಷ್ಟು ಗೆಡ್ಡೆ ಒಳಗೇ ಉಳಿದುಹೋಗುತ್ತೆ. ಡಾಕ್ಟರ್ ಕೈ ತಡೆದು ಕಾಯ್ತಿದ್ದಾರೆ."

ಕೈಯಲ್ಲಿದ್ದ ಚಿತ್ರವನ್ನು ನನ್ನ ಕಡೆ ತಿರುಗಿಸಿದಳು. ಏಣಿ.

ನಾನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಭಾವ ಮೂಗೆಳೆದ ಸದ್ದಾಯಿತು.

"ಮಾವ ಅಂದ್ರೆ ನಾನೇ ಕಣಮ್ಮ," ಎಂದ. ಅವನ ಕಣ್ಣು ತುಂಬಿತ್ತು. "ಮಗು ನನ್ನ ನೆನೆಸ್ಕೊಳ್ತಿದೆ. ಕಷ್ಟ ಅಂತ ಬಂದಾಗ ಸೋದರಮಾವನೇ ಅಲ್ವಾ ನೆನಪಾಗೋದು? ಒಳಗೆ ಬಿಡ್ತೀರಾ, ಕೈ ಹಿಡ್ಕೊಂಡು ನಿಂತಿರ್ತೀನಿ."

ಹುಡುಗಿಯ ಮುಖ ಇನ್ನೂ ಸಪ್ಪಗಾಯಿತು. ನನ್ನ ನಾಲಿಗೆಯ ಮೇಲೆ ಹೆಂಡತಿಯ ಆಣೆ ಕುಳಿತಿತ್ತು. ಒಂದು ಕ್ಷಣ, ಒಂದೇ ಕ್ಷಣ, ಅವಳ ಮುಖ ಕಣ್ಣ ಮುಂದೆ ಬಂತು. ತುಟಿಯ ಮೇಲೆ ಸೆರಗು ಒತ್ತಿಕೊಂಡು ನಗು ತಡೆಯುವ ಮುಖ.

"ಅವಳು ತಪ್ಪು ಹೇಳ್ತಿಲ್ಲಮ್ಮ," ಎಂದೆ. "ನಮ್ಮನೇಲಿ ಏಣಿಗೆ ಮಾವ ಅಂತಲೇ ಹೆಸರು. ನಿನ್ನೆ ನಿಮ್ಮ ಎದುರು ಮರ್ಯಾದೆಗೆ ಏಣಿ ಅಂದಳು. ಇವತ್ತು ನಿದ್ದೆಗಣ್ಣಲ್ಲಿ ಮನೆಯ ಮಾತೇ ಬಂದಿದೆ."

"ಏಣಿಗೆ ಮಾವ ಅಂತ ಯಾಕೆ?"

ನಾನು ಭಾವನ ಕಡೆ ನೋಡಿದೆ. ಅವಳೂ ನೋಡಿದಳು, ಪಾದದಿಂದ ಶುರುಮಾಡಿ ಮೇಲಕ್ಕೆ. ತಲೆ ತಲುಪಲು ಸ್ವಲ್ಪ ಹೊತ್ತು ಹಿಡಿಯಿತು. ಬಟ್ಟೆಯನ್ನು ಥಟ್ಟನೆ ಮುಖದ ಮೇಲಕ್ಕೆ ಎಳೆದುಕೊಂಡು ಒಳಗೆ ಓಡಿದಳು. ಬಾಗಿಲು ಮುಚ್ಚಿಕೊಂಡ ಮೇಲೆ, ಒಳಗಿನಿಂದ ನಾಲ್ಕೈದು ಜನ ಒಟ್ಟಿಗೆ ನಕ್ಕ ಸದ್ದು ಕೇಳಿಸಿತೆಂದು ನನಗನ್ನಿಸಿತು.

ಭಾವ ನನ್ನ ಕಡೆ ತಿರುಗಿದ.

"ಎಷ್ಟು ವರ್ಷದಿಂದ?"

"ಇಪ್ಪತ್ತೆಂಟು."

"ಇಟ್ಟಿದ್ದು ಯಾರು?"

"ನಿನ್ನ ತಂಗಿ."

ಅವನು ನಿಧಾನವಾಗಿ ಹೇಳಿದ: "ಒಂದು ಸಲ ನಾನು ನಿಮ್ಮನೆಗೆ ಬಂದು ಬಾಗಿಲು ತಟ್ಟೋ ಹೊತ್ತಿಗೆ, 'ಮಾವನಿಗೆ ಇವತ್ತು ಎರಡು ಮೊಳೆ ಹೊಡೆದೇಬಿಡ್ತೀನಿ, ದಿನಾ ಇವನದ್ದು ಇದೇ ಗೋಳು' ಅಂತ ಒಳಗೆ ನೀನು ಹೇಳ್ತಿದ್ದೆ."

"ಮೂರನೇ ಮೆಟ್ಟಿಲಿಗೆ," ಎಂದೆ.

"ನಾನು ಹಾಗೇ ತಿರುಗಿ ಹೋದೆ. ಎಂಟು ತಿಂಗಳು ನಿಮ್ಮನೆ ಹೊಸಿಲು ತುಳೀಲಿಲ್ಲ."

ಆ ಎಂಟು ತಿಂಗಳು ನನಗೆ ಚೆನ್ನಾಗಿ ನೆನಪಿದೆ. ಅಣ್ಣ ಯಾಕೆ ಮುನಿಸಿಕೊಂಡನೆಂದು ಹೆಂಡತಿ ಯೋಚಿಸಿ ಯೋಚಿಸಿ ಸೊರಗಿದ್ದಳು. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಮೊದಲು ಅವನ ಭುಜ ಅಲುಗಿತು. ಆಮೇಲೆ ಅಷ್ಟೆತ್ತರದ ದೇಹವೆಲ್ಲ ಅಲುಗಿತು. ಅವನು ನಗುತ್ತಿದ್ದಾನೋ ಅಳುತ್ತಿದ್ದಾನೋ ತಿಳಿಯದೆ ಪಕ್ಕದ ಬೆಂಚಿನ ಮುದುಕಿಯೊಬ್ಬರು ನೀರಿನ ಬಾಟಲಿ ಚಾಚಿದರು.

"ಸತ್ತ ಮೇಲೂ ನನ್ನ ಕಾಲೆಳೀತಾಳಲ್ಲೋ," ಎಂದ ಅವನು, ಕಣ್ಣೊರೆಸಿಕೊಳ್ಳುತ್ತ.

ಮಧ್ಯಾಹ್ನ ಮೂರಕ್ಕೆ ಡಾಕ್ಟರಮ್ಮ ಹೊರಗೆ ಬಂದರು. ಹಣೆಯ ಮೇಲೆ ಟೋಪಿಯ ಅಚ್ಚು ಮೂಡಿತ್ತು.

"ಕಣ್ಣಿಗೆ ಕಂಡಷ್ಟನ್ನೂ ತೆಗೆದಿದ್ದೀವಿ. ಕೊನೇವರೆಗೂ ಮಾತಾಡ್ತಾನೇ ಇದ್ದರು. ಹೊಲಿಗೆ ಹಾಕೋವಾಗ ನಮ್ಮನ್ನೆಲ್ಲ ಎರಡನೇ ಪ್ಲಾಟ್‌ಫಾರಂಗೆ ಕಳಿಸಿದರು." ಆಮೇಲೆ ಭಾವನ ಕಡೆ ತಿರುಗಿ, ತಲೆ ಮೇಲೆತ್ತಿ, "ನೀವು ಸಿಕ್ಕಿದ ಮೇಲೇ ನಾನು ಧೈರ್ಯವಾಗಿ ಮುಂದೆ ಹೋದದ್ದು," ಎಂದರು.

ನಾನು ಕೈ ಮುಗಿದೆ. ಯಾರಿಗೆಂದು ಕೇಳಿದರೆ ಹೇಳಲಾರೆ. ಅವರಿಗೂ ಹೌದು, ಅವರ ಕೈ ನಡೆಸಿದವನಿಗೂ ಹೌದು, ಇನ್ನೊಬ್ಬಳಿಗೂ ಹೌದು.

ಮರುದಿನ ನಮ್ಮಿಬ್ಬರನ್ನೂ ಐದು ನಿಮಿಷ ಒಳಗೆ ಬಿಟ್ಟರು. ಮಗಳ ತಲೆಗೆ ಬಿಳಿ ಪಟ್ಟಿ, ಎಡಗಣ್ಣು ಊದಿಕೊಂಡಿತ್ತು. ಮಾತಿನ ಹುಡುಗಿ ಚಿತ್ರಗಳನ್ನು ಹಿಡಿದು ಮೊದಲೇ ಬಂದಿದ್ದಳು. ಭಾವ ಹಿಂದಿನ ದಿನದಿಂದ ಗೋಡೆಗಳನ್ನು ಕಂಡರೆ ನಾಚುತ್ತಿದ್ದ. ಜನ್ಮದಲ್ಲಿ ಮೊದಲ ಬಾರಿಗೆ, ಮಂಚದ ಪಕ್ಕದ ಸ್ಟೂಲಿನ ಮೇಲೆ ಮೊಣಕಾಲು ಎದೆಗೆ ತಗಲುವಂತೆ ಕುಳಿತಿದ್ದ. ಹುಡುಗಿ ಏಣಿಯ ಚಿತ್ರ ಎತ್ತಿದಳು. ಮಗಳು ಅದನ್ನು ನೋಡಿದಳು. ಆಮೇಲೆ ಸ್ಟೂಲಿನ ಕಡೆ ನೋಡಿದಳು. ಪದಗಳು ಒಂದೊಂದಾಗಿ ಬಂದವು, ಆದರೆ ಬಂದವು.

"ಮಾವ... ಯಾಕೆ... ಮಡಚಿಕೊಂಡಿದ್ದಾನೆ?"

ಹುಡುಗಿ ಕಾಗದದ ಮೇಲೆ ಸರಿ ಎಂದು ಗುರುತು ಹಾಕಿದಳು. ಭಾವ ಎದ್ದು ಹೋಗಿ ಗೋಡೆಗೆ ಒರಗಿದ.

ಗೆಡ್ಡೆ ನಿಧಾನವಾಗಿ ಬೆಳೆಯುವ ಜಾತಿಯದೆಂದು ವರದಿ ಬಂತು. ಆರು ತಿಂಗಳಿಗೊಮ್ಮೆ ಚಿತ್ರ ತೆಗೆಸಿ ನೋಡುತ್ತಿರಬೇಕು. ನೋಡೋಣ, ಅದು ದೇವರಿಗೆ ಬಿಟ್ಟದ್ದು. ಮಾತು ಮೊದಲಿನ ಓಟಕ್ಕೆ ಬರಲು ನಾಲ್ಕು ತಿಂಗಳಾಯಿತು. ಅಷ್ಟು ದಿನವೂ ಭಾವ ಬೆಳಿಗ್ಗೆ ಬಂದು, ಮನೆಯ ಒಂದೊಂದೇ ಸಾಮಾನು ಎತ್ತಿ ಹಿಡಿದು ಹೆಸರು ಹೇಳಿಸುತ್ತಿದ್ದ. ಏಣಿಯ ಸರದಿ ಬಂದಾಗ ಮಾತ್ರ, "ಇದು ಬೇಡ ಬಿಡು, ಇದು ನಿನಗೆ ಬರುತ್ತೆ," ಎನ್ನುತ್ತಿದ್ದ.

ಅವಳು ಕೆಲಸಕ್ಕೆ ಮರಳಿದ ದಿನ ಅವಳ ಕೋಣೆಯ ಬಾಗಿಲ ಮೇಲಿನ ಬೋರ್ಡನ್ನು ಹೊಸದಾಗಿ ಬರೆಯಬೇಕೆಂದು ನಿಲ್ದಾಣದವರು ಹೇಳಿಕಳಿಸಿದ್ದರು. ನಾನು ಒಲ್ಲೆನೆನ್ನುವ ಮೊದಲೇ ಭಾವ ಏಣಿಯನ್ನು ಹೆಗಲಿಗೇರಿಸಿ ರಸ್ತೆಗಿಳಿದಿದ್ದ. ದಾರಿಯಲ್ಲಿ ಯಾರೋ, "ಏನಣ್ಣ ಅದು?" ಎಂದದ್ದಕ್ಕೆ, "ನಮ್ಮಣ್ಣ" ಎಂದನಂತೆ.

ಅವನು ಬುಡ ಹಿಡಿದು ನಿಂತ. ನಾನು ದೇವರನ್ನು ನೆನೆದು ಹತ್ತಿದೆ. ಮೂರನೇ ಮೆಟ್ಟಿಲು ಕಿರುಗುಟ್ಟಿತು. ಮೊದಲ ಅಕ್ಷರದ ತಲೆಕಟ್ಟು ಎಳೆಯುವಷ್ಟರಲ್ಲಿ ನನ್ನ ತಲೆಯ ಮೇಲಿನ ಧ್ವನಿವರ್ಧಕದಿಂದ ಮಗಳ ಸ್ವರ ಹೊರಟಿತು. ಎಲ್ಲೂ ತಡವರಿಕೆಯಿಲ್ಲ.

"ಪ್ರಯಾಣಿಕರ ಗಮನಕ್ಕೆ. ಒಂದನೇ ಪ್ಲಾಟ್‌ಫಾರಂನಲ್ಲಿ ಬಣ್ಣದ ಕೆಲಸ ನಡೆಯುತ್ತಿದೆ. ದಯವಿಟ್ಟು ಯಾರೂ ಮಾವನ ಕೆಳಗೆ ನಿಲ್ಲಬಾರದೆಂದು ವಿನಂತಿ."

ಕೆಳಗಿನಿಂದ ಏಣಿ ಅಲುಗಾಡತೊಡಗಿತು. "ನಗಬೇಡ್ವೋ, ಬೀಳ್ತೀನಿ," ಎಂದೆ. ನಗುವಿಗೆ ನನ್ನ ಕುಂಚವೂ ಒಂದು ಕಡೆ ನಿಲ್ಲುತ್ತಿರಲಿಲ್ಲ. ಚೀಲ ಹಿಡಿದ ಒಬ್ಬ ಹೆಂಗಸು ಧ್ವನಿವರ್ಧಕವನ್ನೂ ನಮ್ಮನ್ನೂ ನೋಡಿ, "ಏನಂದ್ರು ಅವರು? ತಪ್ಪಾಗಿ ಹೇಳಿದ್ರಾ?" ಎಂದು ಕೇಳಿದಳು.

"ಇಲ್ಲಮ್ಮ," ಎಂದ ಭಾವ, ಏಣಿಯನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡು. "ಸರಿಯಾಗೇ ಹೇಳಿದ್ದಾಳೆ. ಸ್ವಲ್ಪ ಆ ಕಡೆ ನಿಂತ್ಕೊಳ್ಳಿ."